ಹಾಲ್‌ಸ್ಟೆಡ್ ದಂಪತಿಯ ಮನೆಗೆ ವಾರಂಟಿ ಬೇಕೋ ಬೇಡವೋ ಎಂಬ ಬಗ್ಗೆ

ಕ್ರಮಾಂಕ: ಮವಾ/ಬೇಕು-ಬೇಡ/34
ದಿನಾಂಕ: ಫೆಬ್ರವರಿ 9

ವಿಷಯ: ವರ್ಷಕ್ಕೊಮ್ಮೆ ಹಣ ಕಟ್ಟಿಸಿಕೊಂಡು, ಮನೆಯ ಹೀಟರು ಫ್ರಿಜ್ಜುಗಳು ಕೆಟ್ಟಾಗ ರಿಪೇರಿಯವರನ್ನು ಕಳುಹಿಸುವ ವಾರಂಟಿಯನ್ನು ಗಂಡಹೆಂಡಿರು ಜಗಳವಾಡದೆ ಕೊಳ್ಳುವ ಅಥವಾ ಕೊಳ್ಳದಿರುವ ಕುರಿತು.

ಉಲ್ಲೇಖ:
1) ಶ್ರೀಮತಿ ಲೊರೇನ್ ಹಾಲ್‌ಸ್ಟೆಡ್ ಅವರ ಮೌಖಿಕ ದೂರು.
2) ಸದರಿ ದೂರಿಗೆ ಅವರ ಪತಿಯ ಉತ್ತರ ("ಹೂಂ").

ಒಹಾಯೊ ರಾಜ್ಯದ ಝೇನ್ಸ್‌ವಿಲ್ ನಿವಾಸಿ ಶ್ರೀ ವರ್ನನ್ ಹಾಲ್‌ಸ್ಟೆಡ್ ಅವರು ಮೂವತ್ತನಾಲ್ಕು ವರ್ಷ ಶಾಲೆಗಳ ಬಾಯ್ಲರುಗಳನ್ನು ರಿಪೇರಿ ಮಾಡಿ ನಿವೃತ್ತರಾಗಿದ್ದು, ಸ್ವಂತ ಮನೆಯ ಯಾವ ಯಂತ್ರಕ್ಕೂ ಪರರ ಕೈ ತಾಗಗೊಟ್ಟವರಲ್ಲ. ಜನವರಿಯ ಮೂರನೇ ಭಾನುವಾರ ಬೆಳಿಗ್ಗೆ ಮನೆ ಬೆಚ್ಚಗಿಡುವ ಹೀಟರು ನಿಂತುಹೋಗಲಾಗಿ, ಅವರು ಅದಿರುವ ನೆಲದಡಿಯ ಕಿರುಜಾಗಕ್ಕೆ ತೆವಳಿಕೊಂಡು ಹೋಗಿರುತ್ತಾರೆ. ಹೋಗುವಾಗ ಸರಿಯಾಗಿದ್ದ ಸೊಂಟವು ಬರುವಾಗ ಸಹಕರಿಸಿರುವುದಿಲ್ಲ. ಅವರು ಸಹಾಯ ಕೋರಿ ಪೈಪನ್ನು ನಲವತ್ತು ನಿಮಿಷ ಬಡಿದಿರುತ್ತಾರೆ. ರಿಪೇರಿಯೇ ನಡೆಯುತ್ತಿದೆಯೆಂದು ಭಾವಿಸಿದ ಶ್ರೀಮತಿಯವರು ಮೇಲಿನಿಂದ, "ಮೆಲ್ಲಗೆ ಬಡಿ ಮಾರಾಯ, ತಟ್ಟೆಗಳೆಲ್ಲ ಕುಣೀತಿವೆ!" ಎಂದು ಕೂಗಿರುತ್ತಾರೆ. ಕೊನೆಗೆ ಅಗ್ನಿಶಾಮಕ ದಳದವರು ಕಾಲು ಹಿಡಿದು ಎಳೆದಾಗ ಶ್ರೀಯುತರು ಹೊರಬಂದರು. ಪ್ಯಾಂಟು ಒಳಗೇ ಉಳಿಯಿತು.

ಆ ಸಂಜೆ, ಅಕ್ಕಪಕ್ಕದಿಂದ ಎರವಲು ತಂದ ಎರಡು ಪುಟ್ಟ ಹೀಟರುಗಳ ನಡುವೆ ಊಟಕ್ಕೆ ಕುಳಿತಾಗ, ಶ್ರೀಮತಿಯವರು ವಾರಂಟಿಯ ಕಾಗದವನ್ನು ಮೇಜಿನ ಮೇಲಿಟ್ಟರು.

"ನನ್ನ ಮನೆ ಹೀಟರಿಗೆ ಇನ್ಯಾವನೋ ಕೈ ಹಾಕೋದಾ? ಜನ ನಗ್ತಾರೆ, ಲೊರೇನ್."

"ಜನ ನಕ್ಕಾಯ್ತು, ವರ್ನ್. ನಿನ್ನ ಚಡ್ಡಿ ಇಡೀ ಬೀದಿ ನೋಡಿದೆ."

ಸದರಿ ಘಟನೆಯ ಹಿನ್ನೆಲೆಯಲ್ಲಿ ಕೆಳಕಂಡ ನಿಯಮಗಳನ್ನು ಜಾರಿಗೊಳಿಸಲಾಗಿದೆ:

1. ವಾರಂಟಿ ಕೊಳ್ಳುವ ಮುನ್ನ, ಅದಕ್ಕೆ ಒಳಪಡದ ಬಾಬ್ತುಗಳ ಪಟ್ಟಿಯನ್ನು ಭೂತಕನ್ನಡಿ ಹಿಡಿದು ಓದತಕ್ಕದ್ದು. ಶ್ರೀ ವರ್ನನ್ ಅವರು ಸೂಪು ಆರುವವರೆಗೆ ಗಟ್ಟಿಯಾಗಿ ಓದಿದ ಪ್ರಕಾರ, ಪೈಪು ಒಳಪಡುತ್ತದೆ, ಗೋಡೆಯೊಳಗಿನ ಪೈಪು ಒಳಪಡುವುದಿಲ್ಲ. ಹೀಟರು ಒಳಪಡುತ್ತದೆ, ವಯಸ್ಸಾಗಿ ಕೆಟ್ಟ ಹೀಟರು ಒಳಪಡುವುದಿಲ್ಲ. "ವಯಸ್ಸಾಗಿ ಕೆಡದೆ ಇನ್ನೇನು, ತೊಟ್ಟಿಲಲ್ಲೇ ಕೆಡುತ್ತಾ?" ಎಂಬ ಅವರ ಪ್ರಶ್ನೆಯನ್ನು ಕಂಪನಿಗೆ ರವಾನಿಸಲಾಗಿದ್ದು, ಉತ್ತರ ಬಂದಿರುವುದಿಲ್ಲ.

2. ಕಂಪನಿಗೆ ಫೋನು ಮಾಡುವವರು ಸಂಗೀತ ಕೇಳಲು ಸಿದ್ಧರಿರತಕ್ಕದ್ದು. ಶ್ರೀಮತಿಯವರು ಮಾರನೆಯ ದಿನ ಒಂದೇ ರಾಗವನ್ನು ಇಪ್ಪತ್ತಾರು ಸಲ ಕೇಳಿದ ತರುವಾಯ, ವಾರಂಟಿ ಕೊಂಡರೂ ರಿಪೇರಿಯವರು ನಾಲ್ಕನೇ ದಿನವೇ ಬರುವರೆಂದು ತಿಳಿದುಬಂದಿದೆ. "ನಾಲ್ಕು ದಿನ ನಡುಗೋದಕ್ಕೆ ವಾರಂಟಿ ಯಾಕೆ? ಅದನ್ನ ನಾವೇ ಮಾಡ್ಕೋಬಹುದು" ಎಂಬ ಶ್ರೀಯುತರ ಅಭಿಪ್ರಾಯವನ್ನು ಮಾನ್ಯ ಮಾಡಲಾಗಿದೆ.

3. "ನಾನೇ ಮಾಡ್ತೀನಿ" ಎಂಬ ಹೇಳಿಕೆಯನ್ನು ನಿಂತು ನೀಡಿದಲ್ಲಿ ಮಾತ್ರ ಪರಿಗಣಿಸಲಾಗುವುದು. ಸೋಫಾದಲ್ಲಿ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ನೀಡಿದ ಹೇಳಿಕೆಗಳು ಅಸಿಂಧು.

4. ಈ ಹಂತದಲ್ಲಿ ಶ್ರೀಮತಿಯವರು ಕಾಗದವನ್ನು ಮಡಚಿ, "ಹೀಟರು ಹಾಳಾಗಿ ಹೋಗ್ಲಿ ಕಣೋ. ನಂಗೆ ಬೇಕಿರೋದು ನಿನಗೆ ವಾರಂಟಿ. ಅದನ್ನ ಯಾವ ಕಂಪನೀನೂ ಕೊಡಲ್ಲ" ಎಂದಿರುತ್ತಾರೆ. ಶ್ರೀಯುತರು ಬಿಸಿನೀರಿನ ಚೀಲವನ್ನು ಬದಿಗಿಟ್ಟರು. ಇಂಥ ಸಂದರ್ಭಕ್ಕೆ ಇಲಾಖೆಯಲ್ಲಿ ನಿಯಮವಿರುವುದಿಲ್ಲ.

5. ಬಳಿಕ ಅವರಾಗಿಯೇ ಫೋನು ಎತ್ತಿ, ಹಿಂದೆ ತಮ್ಮ ಕೈಕೆಳಗೆ ಕೆಲಸ ಕಲಿತು ಈಗ ಸ್ವಂತ ರಿಪೇರಿ ವ್ಯಾನು ಇಟ್ಟುಕೊಂಡಿರುವ ಡೆಲ್ಫೀನ್ ಓಕ್ಸ್ ಎಂಬುವರನ್ನು ಕರೆದರು. ನೆಲದಡಿಗೆ ಇಳಿಯುವವರು ಆಕೆ. ಕಿರುಜಾಗದ ಬಾಗಿಲ ಬಳಿ ಸ್ಟೂಲಿನ ಮೇಲೆ ಟಾರ್ಚು ಹಿಡಿದು ಕೂರುವವರು ಶ್ರೀಯುತರು. ಸಲಹೆಗಳನ್ನು ಗಂಟೆಗೆ ಎರಡಕ್ಕೆ ಸೀಮಿತಗೊಳಿಸಲಾಗಿತ್ತು. ಮೊದಲ ಐದು ನಿಮಿಷದಲ್ಲೇ ಕೋಟಾ ಮುಗಿದಿರುತ್ತದೆ.

"ಬಾಸ್, ಬಾಯಿ ಮುಚ್ಚಿ ಟಾರ್ಚು ನೆಟ್ಟಗೆ ಹಿಡೀರಿ!" ಎಂದು ಒಳಗಿನಿಂದ ಆದೇಶ ಬಂದಿದೆ.

"ಅದೇನದು, ಕೈಯಲ್ಲಿ ಹೊಸ ಮೀಟರು? ತೋರ್ಸು, ನಂಗೂ ಹೇಳ್ಕೊಡು" ಎಂದು ಮೂವತ್ತನಾಲ್ಕು ವರ್ಷ ರಿಪೇರಿ ಮಾಡುತ್ತ, ಪರರಿಗೆ ಹೇಳಿಕೊಡುತ್ತ ಕಳೆದವರು ಕೇಳಿರುವುದನ್ನು ಇಲಾಖೆಯು ವಿಶೇಷವಾಗಿ ದಾಖಲಿಸಿಕೊಂಡಿದೆ.

6. ಹೀಟರು ಹತ್ತಿಕೊಂಡ ಮೇಲೂ ಅವರಿಬ್ಬರೂ ಒಂದು ಗಂಟೆ ಕೆಳಗೇ ಹರಟಿರುತ್ತಾರೆ. ನಗು ನೆಲದ ಹಲಗೆಗಳನ್ನು ದಾಟಿ ಬರುತ್ತಿತ್ತು. ಕಾಫಿ ಆರಿದರೂ ಶ್ರೀಮತಿಯವರು ಕೂಗಿ ಕರೆಯಲಿಲ್ಲ; ಕಾಲುಚೀಲ ಕಳಚಿ, ಬೆಚ್ಚಗಾಗುತ್ತಿದ್ದ ನೆಲದ ಮೇಲೆ ಸುಮ್ಮನೆ ನಿಂತಿದ್ದರು.

7. ಆದ್ದರಿಂದ ಈ ವರ್ಷ ವಾರಂಟಿ ಕೊಳ್ಳತಕ್ಕದ್ದಲ್ಲ. ಮುಂದಿನ ವರ್ಷದ ವಾದವನ್ನು ಮುಂದಿನ ವರ್ಷವೇ ಮಾಡತಕ್ಕದ್ದು.

(ಸಹಿ ಇದೆ)
ಅಧೀಕ್ಷಕರು
ಬೇಕು-ಬೇಡ ವಿಭಾಗ

ಪ್ರತಿಗಳು:
1) ಶ್ರೀ ವರ್ನನ್ ಹಾಲ್‌ಸ್ಟೆಡ್: ಪಾಲನೆಗಾಗಿ.
2) ಶ್ರೀಮತಿ ಡೆಲ್ಫೀನ್ ಓಕ್ಸ್: ಗುರುವಾರಗಳಂದು ಸಹಾಯಕರೊಬ್ಬರು ಸಂಬಳವಿಲ್ಲದೆ ಸ್ಟೂಲು ಸಮೇತ ವ್ಯಾನು ಹತ್ತಲಿರುವ ಮಾಹಿತಿಗಾಗಿ.
3) ನೆರೆಹೊರೆಯವರು: ಎಲ್ಲ ಗೊತ್ತಿರುವುದರಿಂದ ಪ್ರತಿ ಇಲ್ಲ.
4) ಶ್ರೀಮತಿ ಲೊರೇನ್ ಹಾಲ್‌ಸ್ಟೆಡ್: ಆದೇಶ ಅವರದೇ ಆದ್ದರಿಂದ, ತಿದ್ದುಪಡಿಗಾಗಿ ಮಾತ್ರ.