ಹುಲಿವೇಷಕ್ಕೆ ಹೆದರುವ ಉಡುಪಿಯವ

ಕೃಷ್ಣಾಷ್ಟಮಿ ವರ್ಷಕ್ಕೆ ಒಂದೇ ಸಲ ಬರುದು. ನನ್ನ ಮರ್ಯಾದೆ ಹೋಗ್ಲಿಕ್ಕೆ ಮಾತ್ರ ಅಷ್ಟೆಲ್ಲ ಕಾಯ್ಬೇಕಾಗಿಲ್ಲ, ಅದು ಯಾವ ತಿಂಗಳು ಬೇಕಾದ್ರೂ ಹೋಗ್ತದೆ.

ವಿಷಯ ಎಂತ ಅಂದ್ರೆ, ನನಗೆ ಹುಲಿವೇಷ ಅಂದ್ರೆ ಹೆದರಿಕೆ. ನಿಜವಾದ ಹುಲಿ ಅಲ್ಲ. ಅದನ್ನು ನಾನು ನೋಡಿಯೇ ಇಲ್ಲ, ಅದರ ಬಗ್ಗೆ ನನಗೆ ಯಾವ ಅಭಿಪ್ರಾಯವೂ ಇಲ್ಲ. ಮೈಗೆ ಹಳದಿ, ಕಪ್ಪು ಪಟ್ಟೆ ಬಳಿದು, ತಾಸೆ ವಾದ್ಯದ ಬಡಿತಕ್ಕೆ ಕುಣಿಯುತ್ತದಲ್ಲ, ಆ ಎರಡು ಕಾಲಿನ ಹುಲಿ. ಉಡುಪಿಯಲ್ಲಿ ಹುಟ್ಟಿ ಹುಲಿವೇಷಕ್ಕೆ ಹೆದರುದು ಅಂದ್ರೆ ಮಲ್ಪೆಯಲ್ಲಿ ಹುಟ್ಟಿ ಮೀನಿನ ವಾಸನೆ ಆಗುದಿಲ್ಲ ಅಂದ ಹಾಗೆ.

ತಪ್ಪು ಅಪ್ಪನದ್ದು. ನಾನು ಸಣ್ಣವನಿದ್ದಾಗ ಹೆದರಿಕೆ ಹೋಗ್ಲಿ ಅಂತ ನನ್ನ ಕೈಗೆ ಒಂದು ನೋಟು ಕೊಟ್ಟು, ಎತ್ತಿ, ಸೀದಾ ಹುಲಿಯ ಮೂತಿಯ ಎದುರು ಹಿಡಿದ್ರು. ಹುಲಿ ನೋಟನ್ನು ಬಾಯಲ್ಲೇ ಕಚ್ಚಿ ತೆಗೆದುಕೊಂಡಿತು. ಮುಂದಿನದ್ದು ಕೈ ಅಂತ ನನಗೆ ಖಾತ್ರಿ ಆಯ್ತು. ಆ ಖಾತ್ರಿ ಇಷ್ಟು ವರ್ಷ ಆದ್ರೂ ಹೋಗಿರಲಿಲ್ಲ.

ನಗುವ ಹುಲಿಗಳು

ಮಣಿಪಾಲದಲ್ಲಿ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು, ಒಂದಷ್ಟು ಕೆಲಸ ಹಿಡಿದು ಬಿಟ್ಟು, ಕಡೆಗೆ ಕಟಪಾಡಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್ ಆದೆ. ಕಾಲೇಜು ಯಾಕೆ ಬಿಟ್ಟೆ ಅಂತ ಕೇಳ್ಬೇಡಿ. ನೆಂಟರು ಕೇಳಿದಾಗೆಲ್ಲ ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ತೇನೆ.

ಅಷ್ಟಮಿ ಹತ್ತಿರ ಬಂದ ಹಾಗೆ ಫ್ಲೆಕ್ಸ್ ಅಂಗಡಿಗೆ ಬರುದೆಲ್ಲ ಹುಲಿವೇಷದ ಆರ್ಡರೇ. ಸೇರುವಾಗ ಈ ಬುದ್ಧಿವಂತನಿಗೆ ಅದು ಹೊಳೆದಿರಲಿಲ್ಲ. ಕಾಪುವಿನ ಒಂದು ತಂಡದ ಬ್ಯಾನರ್ ಬಂತು: ಸಾಲಾಗಿ ಹುಲಿಗಳು, ನಡುವಲ್ಲಿ ದೊಡ್ಡ ಹುಲಿಯಾಗಿ ತಂಡದ ಯಜಮಾನರು. ಸ್ಕ್ರೀನಿನಲ್ಲಿ ಅದನ್ನು ದೊಡ್ಡದು ಮಾಡಿದ್ರೆ ನಾನು ಮೌಸ್ ಬಿಟ್ಟು ಅಂಗಡಿಯ ಹೊರಗೆ ಇರ್ತೇನೆ. ಅದಕ್ಕೆ ಪ್ರತಿ ಹುಲಿಯ ಮುಖದ ಮೇಲೂ ಒಂದೊಂದು ಹಲ್ಲುಕಿರಿಯುವ ಇಮೋಜಿ ಇಟ್ಟು ಕೆಲಸ ಮುಗಿಸಿದೆ. ಕಡೆಗೆ ತೆಗೆದ್ರಾಯ್ತು ಅಂತ.

ತೆಗೆಯಲಿಲ್ಲ. ಪ್ರಿಂಟ್ ಆಯ್ತು, ಕಾಪು ಪೇಟೆಯಲ್ಲಿ ಕಟ್ಟಿಯೂ ಆಯ್ತು.

ಮರುದಿನ ಒಬ್ಬಳು ಹುಡುಗಿ ಅಂಗಡಿಗೆ ಬಂದು ಮೊಬೈಲಲ್ಲಿ ಬ್ಯಾನರಿನ ಫೋಟೋ ತೋರಿಸಿದಳು. ಯಜಮಾನರ ಮಗಳು. "ನಮ್ಮ ಪಪ್ಪ ಮೀಸೆ ಬರುವ ಮೊದಲೇ ಹುಲಿ ಹಾಕಿದವರು. ಈಗ ಊರಿಡೀ ಅವರನ್ನು ನೋಡಿ ನಗ್ತಾ ಉಂಟು. ಇದು ಎಂತ ಮಾರಾಯ?"

ನಾನು ನಿಜ ಹೇಳಿದೆ. ಅವಳು ಅಲ್ಲಿಯೇ ಸ್ಟೂಲಿನಲ್ಲಿ ಕೂತು ಕಣ್ಣೀರು ಬರುವ ತನಕ ನಕ್ಕಳು. ಮನೆಗೆ ಹೋಗಿ ಮೆಷಿನ್ನಿನ ತಪ್ಪು ಅಂತ ಹೇಳಿದಳಂತೆ. ಹೊಸ ಬ್ಯಾನರ್ ಹೋಯ್ತು, ಅವಳು ಪುನಃ ಬಂದಳು. ಬಂದು ಬಂದು ಸಂಗತಿ ಮದುವೆಯ ತನಕ ಬಂತು.

ಯಜಮಾನರು ಒಂದೇ ಮಾತು ಹೇಳಿ ಕಳಿಸಿದ್ರು. ಮುಂದಿನ ಅಷ್ಟಮಿಗೆ ಹುಡುಗ ಕಾಪುವಿಗೆ ಬರ್ಲಿ, ಹುಲಿಗಳು ಹೊರಡುವಾಗ ದೊಡ್ಡ ಹುಲಿಗೆ ಅವನೇ ಹಾರ ಹಾಕ್ಲಿ, ಆಮೇಲೆ ಮಾತಾಡುವ. ಹುಲಿಗೆ ಹೆದರುವವನಿಗೆ ಮಗಳನ್ನು ಕೊಡುದಿಲ್ಲ ಅಂತ ತಮಾಷೆಗೆ ಸೇರಿಸಿದ್ರಂತೆ. ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು.

ನಾನು ಬಚ್ಚಲಿಗೆ ಹೋದೆ.

ಮುಚ್ಚಿದ ಡ್ರಾಯರ್

ಅವಳೇ ನನ್ನನ್ನು ಎಳೆದುಕೊಂಡು ಹೋಗಿ ಮಣಿಪಾಲದಲ್ಲಿ ಒಬ್ಬರು ಕೌನ್ಸೆಲರ್ ಮೇಡಂ ಹತ್ತಿರ ಕೂರಿಸಿದಳು. ಮೇಡಂ ಎಕ್ಸ್‌ಪೋಶರ್ ಥೆರಪಿ ಅಂದ್ರು. ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತುದು. ಮೊದಲು ಚಿತ್ರ, ಮತ್ತೆ ಮುಖವಾಡ, ಮತ್ತೆ ತಾಸೆಯ ಶಬ್ದ, ಕಡೆಗೆ ಹುಲಿ. ಪ್ರತಿ ಮೆಟ್ಟಿಲಲ್ಲೂ ಹೆದರಿಕೆ ತಾನಾಗಿ ಇಳಿಯುವ ತನಕ ನಿಲ್ಬೇಕು. ಓಡ್ಲಿಕ್ಕಿಲ್ಲ, ಕಣ್ಣು ಮುಚ್ಲಿಕ್ಕಿಲ್ಲ. ನನ್ನ ಅಪ್ಪ ಮಾಡಿದ್ದೂ ಅದೇ ಅಲ್ವಾ ಅಂತ ಕೇಳಿದೆ. ನಿಮ್ಮ ಅಪ್ಪ ಮೆಟ್ಟಿಲು ಬಿಟ್ಟು ಸೀದಾ ಟೆರೇಸಿಗೆ ಎಸೆದದ್ದು ಅಂದ್ರು.

ಡ್ರಾಯರಲ್ಲಿ ಒಂದು ಕಾಗದದ ಹುಲಿ ಮುಖವಾಡ ಉಂಟು, ತೆಗೆದು ಮೇಜಿನ ಮೇಲೆ ಇಡ್ತೇನೆ, ಹೆದರಿಕೆಗೆ ಹತ್ತರಲ್ಲಿ ಎಷ್ಟು ಮಾರ್ಕು ಅಂತ ಹೇಳಿ ಅಂದ್ರು. ಇಂಜಿನಿಯರಿಂಗಿನಲ್ಲಿ ಜನ್ಮಕ್ಕೆ ಸಿಗದ ಮಾರ್ಕು ನನಗೆ ಅಲ್ಲಿ ಸಿಕ್ಕಿತು.

"ಹತ್ತಕ್ಕೆ ಹತ್ತು ಮೇಡಂ," ಅಂದೆ, ಕುರ್ಚಿಯ ಹಿಂದಿನಿಂದ.

"ನಾನಿನ್ನೂ ಡ್ರಾಯರ್ ತೆಗೀಲಿಲ್ಲ," ಅಂದ್ರು.

ಕಾರ್ಕಳ ಬಸ್ಸು

ಮಳೆಗಾಲ ಬರುವಷ್ಟರಲ್ಲಿ ಮುಖವಾಡದ ಜೊತೆ ಕೂತು ಚಹಾ ಕುಡಿಯುವಷ್ಟು ಗಟ್ಟಿ ಆದೆ. ಮುಂದಿನ ಮೆಟ್ಟಿಲು ತಾಸೆ. ಅದನ್ನೇ ರಿಂಗ್‌ಟೋನ್ ಮಾಡಿ, ಬಂದಾಗ ಕಟ್ ಮಾಡ್ಬೇಡಿ, ಕೇಳ್ತಾ ಇರಿ ಅಂದ್ರು ಮೇಡಂ.

ಅಂಗಡಿ ಕೆಲಸಕ್ಕೆ ಕಾರ್ಕಳಕ್ಕೆ ಹೋಗ್ತಿದ್ದೆ, ಬಸ್ಸು ತುಂಬ ಜನ. ಕಾಪುವಿನಿಂದ ಅವಳ ಫೋನು ಬಂತು. ಕಿಸೆಯೊಳಗೆ ತಾಸೆ ಶುರು. ನಾನು ಎದುರಿನ ಸೀಟಿನ ಕಂಬಿಯನ್ನು ತಬ್ಬಿ ಹಿಡಿದು ಹೆದರಿಕೆ ಇಳಿಯುದನ್ನು ಕಾಯ್ತಾ ಕೂತೆ. ನಾನು ಎತ್ತಲಿಲ್ಲ ಅಂತ ಅವಳು ಪುನಃ ಮಾಡಿದಳು. ಪುನಃ ತಾಸೆ.

ನಮ್ಮ ಊರಿನವರ ಕಾಲು ತಾಸೆ ಕೇಳಿದ್ರೆ ಒಡೆಯನ ಮಾತು ಕೇಳುದಿಲ್ಲ. ಹಿಂದಿನ ಸೀಟಲ್ಲಿ ಒಬ್ಬ ವಿಸಿಲ್ ಹಾಕಿದ. ಕಂಡಕ್ಟರ್ ಟಿಕೆಟು ಬಿಟ್ಟು ಎರಡು ಹೆಜ್ಜೆ ಹಾಕಿದ. ಕಡೆಗೆ ಡ್ರೈವರನ ಕಾಲೂ ಕುಣಿಯಿತು. ಅದು ಬ್ರೇಕಿನ ಮೇಲಿದ್ದ ಕಾಲು. ಇಡೀ ಬಸ್ಸು ತಾಸೆಯ ಲೆಕ್ಕಕ್ಕೆ ಸರಿಯಾಗಿ ಜಗ್ಗಿ ಜಗ್ಗಿ ಹೋಯ್ತು.

ಎಲ್ಲ ಮುಗಿದ ಮೇಲೆ ಪಕ್ಕದ ಅಜ್ಜಿ ನನ್ನ ಬಿಳಿಚಿದ ಮುಖ, ಅಲುಗಾಡದ ಕಾಲು ಎರಡನ್ನೂ ನೋಡಿ ಪಾಪ ಅನ್ನುವ ಹಾಗೆ ಕೇಳಿದ್ರು: "ನೀನು ಘಟ್ಟದ ಮೇಲಿನವನಾ ಮಗಾ?"

ಹಾರ

ಅಷ್ಟಮಿ ಬಂತು. ಬಣ್ಣ ಹಚ್ಚುವ ಮೊದಲೇ ಹೋಗಿ, ಮನುಷ್ಯ ಹುಲಿ ಆಗುದನ್ನು ಪೂರ್ತಿ ನೋಡಿ ಅಂದಿದ್ರು ಮೇಡಂ. ಹಾಗಾಗಿ ಬೆಳಿಗ್ಗೆಯೇ ಕಾಪುವಿನ ಅವಳ ಮನೆಗೆ ಹೋದೆ, ಬಣ್ಣ ಹಚ್ಚುದು ಅಲ್ಲಿಯ ಅಂಗಳದಲ್ಲೇ. ಹೋಗುವಾಗ ಅವಳು ಎಚ್ಚರಿಸಿದ್ದಳು, ಪಪ್ಪ ಕಾಲೇಜಿನ ವಿಷಯ ಕೇಳ್ತಾರೆ, ಅದಕ್ಕೂ ಸ್ವಲ್ಪ ಪ್ರಾಕ್ಟೀಸ್ ಮಾಡು ಅಂತ. ಹುಲಿಯ ಎದುರು ಅದೆಲ್ಲ ಯಾವ ಲೆಕ್ಕ ಅಂದೆ.

ಬಣ್ಣ ಒಣಗುವ ತನಕ ಹುಲಿಗಳು ಕೂರ್ಲಿಕ್ಕಿಲ್ಲ, ಮೈ ಮುಟ್ಲಿಕ್ಕಿಲ್ಲ. ಕೈ ಅಗಲಿಸಿ ಕೋಲು ಹಿಡಿದು ನಿಲ್ಬೇಕು. ಯಜಮಾನರೂ ಹಾಗೇ ನಿಂತಿದ್ರು. ಕುತ್ತಿಗೆಯ ಕೆಳಗೆ ಹುಲಿ, ಮೇಲೆ ನನ್ನ ಮಾವ ಆಗ್ಬೇಕಾದವರು. ಅಲ್ಲಿ ಬಿದ್ದಿದ್ದ ಒಂದು ಕಡ್ಡಿಯನ್ನು ಕಣ್ಣಲ್ಲೇ ತೋರಿಸಿ ಮೂಗು ತುರಿಸ್ತದೆ, ಸ್ವಲ್ಪ ಕೆರಿ ಮಾರಾಯ ಅಂದ್ರು. ಕೆರೆದೆ. ಸ್ಟ್ರಾ ಹಾಕಿ ಚಹಾ ಕುಡಿಸಿದೆ. ಮೂಗು ಕೆರೆದುಕೊಳ್ಳಲಿಕ್ಕೂ ನನ್ನ ಸಹಾಯ ಬೇಕಾದ ಪ್ರಾಣಿಗೆ ಹೆದರುದು ಹೇಗೆ?

ಮತ್ತೆ ಅವರು ಹುಲಿತಲೆ ಹಾಕಿದ್ರು. ತಾಸೆಗೆ ಪೆಟ್ಟು ಬಿತ್ತು. ಮೂಗು, ಕಡ್ಡಿ, ಚಹಾ ಎಲ್ಲ ಮರೆತುಹೋಯ್ತು. ಹುಲಿ ನೆಲ ಪರಚಿ, ಹಾರಿ, ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಿತು. ಹತ್ತಕ್ಕೆ ಹತ್ತು. ಬಾಗಿಲಲ್ಲಿ ಅವಳು ಉಸಿರು ಹಿಡಿದು ನಿಂತಿದ್ದಾಳೆ. ಓಡಿದ್ರೆ ಹುಲಿಯೂ ಇಲ್ಲ, ಅವಳೂ ಇಲ್ಲ. ನಿಂತೆ. ಕಣ್ಣು ಮುಚ್ಚಲಿಲ್ಲ. ಒಂಬತ್ತು. ಇನ್ನೂ ನಿಂತೆ. ಏಳು, ಐದು. ಮೇಡಂ ಹೇಳಿದ ಹಾಗೆ ಅದು ಇಳಿದೇ ಇಳಿಯಿತು. ಹಾರ ಹಾಕಿದೆ. ಸುತ್ತ ಇದ್ದವರು ಕೂಗು ಹಾಕಿದ್ರು. ಅವಳು ಅತ್ತಳು. ನನ್ನ ಕಾಲು ಜೀವನದಲ್ಲಿ ಮೊದಲ ಸಲ ತಾಸೆಗೆ ಎರಡು ಹೆಜ್ಜೆ ಹಾಕಿತು.

ಹುಲಿಗೆ ಖುಷಿಯೋ ಖುಷಿ. ಪಂಜಾ ನನ್ನ ಹೆಗಲಿಗೆ ಹಾಕಿ ಆಚೆ ಮೂಲೆಗೆ ಕರೆದುಕೊಂಡು ಹೋಯ್ತು. ಅಲ್ಲಿ ಯಜಮಾನರು ಹುಲಿತಲೆ ತೆಗೆದು ಕಂಕುಳಲ್ಲಿ ಇಟ್ಟು, ಬೆವರು ಒರೆಸಿ, ತುಂಬ ಪ್ರೀತಿಯಿಂದ ಕೇಳಿದ್ರು:

"ಧೈರ್ಯ ಉಂಟು ನಿಂಗೆ, ಒಪ್ಪಿದೆ. ಈಗ ಹೇಳು, ಕಾಲೇಜು ಯಾಕೆ ಬಿಟ್ಟದ್ದು?"

ನಾನು ಸುತ್ತ ನೋಡಿದೆ. ಬಚ್ಚಲು ಹುಲಿಗಳ ಆಚೆ ಇತ್ತು.

"ಮಾವ," ಅಂದೆ, "ಆ ತಲೆ ಒಮ್ಮೆ ವಾಪಸ್ ಹಾಕ್ತೀರಾ?"