ಮಲಗುವ ಕೋಣೆಯ ಬೂಷ್ಟು, ಮೇಲಿನ ಮನೆಯ ಬಚ್ಚಲು

ಸಾಂಗಲಿ ಪಕ್ಕದ ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಪಂಪಿನ ಕಾರ್ಖಾನೆಯಲ್ಲಿ ನನ್ನ ಕೆಲಸ ಸೋರಿಕೆ ಹಿಡಿಯುವುದು. ಪಂಪಿಗೆ ನೀರು ತುಂಬಿ ಒತ್ತಡ ಕೊಡುತ್ತೇನೆ. ಎಲ್ಲಿಯಾದರೂ ಒಂದು ಹನಿ ಕಂಡಿತೋ, ಕೆಂಪು ಬಣ್ಣ ಬಳಿದು ವಾಪಸು! ಹೀಗಿರುವಾಗ ನನ್ನದೇ ಮನೆಯ ಗೋಡೆಗೆ ತೇವ ಬಂದರೆ ನಾನು ಹೆದರುವುದುಂಟೇ? ನಿಜ ಹೇಳಬೇಕೆಂದರೆ, ಸ್ವಲ್ಪ ಖುಷಿಯೇ ಆಯಿತು.

ವಿಶ್ರಾಮಬಾಗ ಬಡಾವಣೆಯಲ್ಲಿ ನಮ್ಮದೊಂದು ಸಣ್ಣ ಫ್ಲ್ಯಾಟು. ಆ ವರ್ಷ ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಒಂದು ಮುಂಜಾನೆ ನನ್ನ ಹೆಂಡತಿ ಸುನಂದಾ ತಿಜೋರಿಯ, ಅಂದರೆ ಬಟ್ಟೆಯ ಕಬ್ಬಿಣದ ಕಪಾಟಿನ, ಹಿಂದೆ ಬಿದ್ದ ಬಾಚಣಿಗೆ ತೆಗೆಯಲು ಬಗ್ಗಿದವಳು ಮೂಗು ಮುಚ್ಚಿಕೊಂಡು ಎದ್ದಳು.

“ರೀ, ಇಲ್ಲಿ ಬರ್ರಿ. ಗ್ವಾಡಿಗೆ ಕರ್ರಗ ಬುರಶಿ ಹಿಡದೈತಿ.”

ನೋಡಿದೆ. ಬೂಷ್ಟು ಕುಟುಂಬ ಸಮೇತ ಬೀಡು ಬಿಟ್ಟಿತ್ತು.

“ನೀ ಏನ ಹೆದರಬ್ಯಾಡ. ನಾ ಅದೀನಿ,” ಎಂದೆ.

ಅವಳು ಹೆದರಿದ್ದು ಆಗಲೇ.

ತಿಜೋರಿ ಸರಿಸಿ, ಒಣ ಪೊರಕೆ ತೆಗೆದುಕೊಂಡು ರಪರಪನೆ ಉಜ್ಜಿದೆ. ಗೋಡೆಯ ಮೇಲಿದ್ದ ಬೂಷ್ಟು ಗಾಳಿಗೆ ಎದ್ದಿತು. ಫ್ಯಾನು ಅದನ್ನು ಹಾಸಿಗೆ, ದಿಂಬು, ನನ್ನ ಮೂಗು ಎಂಬ ಭೇದವಿಲ್ಲದೆ ಎಲ್ಲರಿಗೂ ಹಂಚಿತು. ಸೀನಿ ಸೀನಿ ನನ್ನ ಕಣ್ಣು ಟೊಮ್ಯಾಟೊ ಆದವು. ಆಮೇಲೆ ಉಳಿದದ್ದರ ಮೇಲೆ ಬಿಳಿ ಬಣ್ಣ ಬಳಿದೆ. ಕೆಲವು ದಿನ ಗೋಡೆ ಮದುಮಗನಂತೆ ಹೊಳೆಯಿತು. ನಂತರ ಅದೇ ಕಪ್ಪು ಚುಕ್ಕೆಗಳು ಹೊಸ ಅಂಗಿ ತೊಟ್ಟುಕೊಂಡು ಹೊರಗೆ ಬಂದವು!

ಇನ್ನು ವೈಜ್ಞಾನಿಕ ತಪಾಸಣೆಯೊಂದೇ ದಾರಿ ಎಂದು ತೀರ್ಮಾನಿಸಿದೆ. ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಗೋಡೆಗೆ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಅಂಟಿಸಬೇಕು, ಹನಿ ಕೂಡುತ್ತದೆಯೋ ಇಲ್ಲವೋ ನೋಡಬೇಕು. ಅಷ್ಟು ಕೇಳಿ ವಿಡಿಯೋ ಬಂದ್ ಮಾಡಿದೆ. ನನ್ನಂಥ ಅನುಭವಸ್ಥನಿಗೆ ಪೂರ್ತಿ ನೋಡುವ ಅವಶ್ಯಕತೆ ಏನಿದೆ? ತಿಜೋರಿಯನ್ನು ಗೇಣು ಮುಂದಕ್ಕೆ ಜಗ್ಗಿ ಹಾಳೆ ಅಂಟಿಸಿದೆ. ಮರುದಿನ ಸಂದಿಯಲ್ಲಿ ಟಾರ್ಚು ಬಿಟ್ಟು ನೋಡಿದರೆ ಹಾಳೆಯ ತುಂಬ ಹನಿ!

ಗೋಡೆ ಸೋರುತ್ತಿದೆ. ಆ ಗೋಡೆಯ ನೆತ್ತಿಗೆ ಸರಿಯಾಗಿ ಯಾರ ಬಚ್ಚಲಿದೆ? ಮೇಲಿನ ಮನೆಯ ಅಣ್ಣಾಸಾಹೇಬ ಕಾಕಾ ಅವರದು. ಕೇಸು ಮುಗಿಯಿತು.

ಕಾಕಾ ನಿವೃತ್ತರು, ಜೈನರು. ಇರುವೆ ಕಂಡರೂ ದಾರಿ ಬಿಡುವ ಮನುಷ್ಯ. ಮನೆಯಲ್ಲಿ ಅವರು, ಕಾಕಿ ಇಬ್ಬರೇ. ನಾನು ಗಂಭೀರವಾಗಿ ಸುದ್ದಿ ಮುಟ್ಟಿಸಿದೆ.

“ಅರೆ ದೇವಾ!” ಎಂದು ಅವರು ಎದ್ದೇ ನಿಂತರು. “ನಮ್ಮಿಂದ ನಿಮಗ ತ್ರಾಸ? ಬ್ಯಾಡಪ್ಪ, ಬ್ಯಾಡ. ನಿನಗ ಖಾತ್ರಿ ಐತೇನು?”

“ಕಾಕಾ, ಇದ ನನ್ನ ಧಂದಾ ಐತ್ರಿ.”

“ಹಂಗಾದ್ರ ಬಚ್ಚಲಾ ಒಡಸೂಣು.”

ಸುನಂದಾ ಮಾತ್ರ, “ಇನ್ನೊಮ್ಮೆ ನೋಡ್ರಿ. ಹಿರೇರ ಮನಿ ಒಡಸಬ್ಯಾಡ್ರಿ,” ಎಂದಳು. ತಾಂತ್ರಿಕ ವಿಷಯ ಅವಳಿಗೆ ತಿಳಿಯುವುದಿಲ್ಲ ಎಂದು ನಾನು ಅವಳನ್ನು ಕ್ಷಮಿಸಿದೆ.

ಭಾನುವಾರ ಗಾರೆ ಕೆಲಸದ ಗವಂಡಿಯನ್ನು ಕರೆಸಿ ಬಚ್ಚಲಿನ ನೆಲದ ಫರಶಿ ಕಲ್ಲು ಕಿತ್ತಿಸಿದೆ. ಕೆಳಗೆ ಏನಿತ್ತು? ಒಣ ಮರಳು. ಆ ಮಳೆಗಾಲದಲ್ಲಿ ಇಡೀ ಸಾಂಗಲಿಯಲ್ಲಿ ಒಣಗಿದ್ದ ಜಾಗ ಅದೊಂದೇ ಇರಬೇಕು! ಕಾಕಾ ಇಣುಕಿ ನೋಡಿದರು. ಕಾಕಿ ಅವರ ಭುಜದ ಮೇಲಿಂದ ಇಣುಕಿದರು. ಆದರೂ ತಜ್ಞನಾದವನು ಅಷ್ಟಕ್ಕೇ ಸೋಲಬಾರದು.

“ಇನ್ನ ಸ್ವಲ್ಪ ಒಳಗ ಹೊಡೀರಿ,” ಎಂದು ಗವಂಡಿಗೆ ಅಪ್ಪಣೆ ಕೊಟ್ಟೆ.

ಆಗ ಸುನಂದಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು. “ರೀ, ನಿಲ್ಲಸ್ರಿ! ಪ್ಲಾಸ್ಟಿಕ್ ಒರಸಿದ್ನಿ, ನನ್ನ ಸೆರಗ ತೊಯ್ದೈತಿ. ಹನಿ ಎಲ್ಲಾ ನಮ್ಮ ಕಡೆ ಅದಾವು. ಗ್ವಾಡಿ ಕಡೆ ಒಂದೂ ಇಲ್ಲ. ನೀರು ಗ್ವಾಡಿದಲ್ರಿ, ನಮ್ಮ ಖೋಲಿ ಗಾಳೀದು!”

ಠಣ್!

ಉಳಿ ಪೈಪಿಗೆ ಬಿದ್ದಿತ್ತು. ಕಾರಂಜಿ ಎದ್ದಿತು. ಕಾಕಾ, ಕಾಕಿ, ಗವಂಡಿ, ನಾನು, ಎಲ್ಲರೂ ತೊಯ್ದೆವು. ಮುಖ್ಯ ವಾಲ್ವು ಹುಡುಕಿ ತಿರುಗಿಸುವ ಹೊತ್ತಿಗೆ ನಮ್ಮ ಮಲಗುವ ಕೋಣೆಯ ಗೋಡೆಯ ಮೇಲೆ ನೀರು ಧಾರಾಳವಾಗಿ ಇಳಿಯುತ್ತಿತ್ತು. ಈಗ ಹಾಳೆಯ ಎರಡೂ ಕಡೆ ಹನಿ!

ಸುನಂದಾ ಕೋಣೆಯ ನಡುವೆ ನಿಂತು ಆರೋಪಪಟ್ಟಿ ಓದಿದಳು.

“ಮಳಿ ಅಂತ ಖಿಡಕಿ ಮುಚ್ಚಿದವರು ಯಾರು?”

“ನಾನ.”

“ಸೊಳ್ಳಿ ಬರ್ತಾವಂತ ಮ್ಯಾಲಿನ ಗಾಳಿಕಿಂಡಿಗೆ ರಟ್ಟು ಬಡದವರು?”

“ನಾನ.”

“ಒದ್ದಿ ಅರಬಿ ಒಣಹಾಕಾಕ ಇಲ್ಲೇ ಹಗ್ಗಾ ಕಟ್ಟಿದವರು? ತಿಜೋರಿ ಗ್ವಾಡಿಗೆ ಅಂಟಿಸಿ ಇಟ್ಟವರು?”

ನಾನು ತಿಜೋರಿಯನ್ನು ಗೋಡೆಯಿಂದ ದೂರಕ್ಕೆ ಜಗ್ಗಿದೆ. ಬಾಗಿಲು ತೆಗೆದರೆ ಒಳಗೆ ಅವಳ ತವರಿನ ರೇಷ್ಮೆ ಸೀರೆಯ ಅಂಚಿಗೂ ಬಿಳಿ ಬೂಷ್ಟು ಹತ್ತಿತ್ತು. ಅವಳು ಬೈಯಲಿಲ್ಲ. ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೆರಳಿನಿಂದ ಅಂಚು ಸವರುತ್ತ ಕೂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದೇ ಹಗ್ಗ ಬಿಚ್ಚಿ ಬಾಲ್ಕನಿಯಲ್ಲಿ ಕಟ್ಟಿದೆ, ರಟ್ಟು ಕಿತ್ತೆ, ಕಿಟಕಿ ತೆರೆದೆ, ಗೋಡೆಯನ್ನು ಒದ್ದೆ ಬಟ್ಟೆಯಿಂದ ಸಾಬೂನು ಹಾಕಿ ಒರೆಸಿದೆ. ಸೀರೆಯನ್ನು ಫ್ಯಾನಿನ ಗಾಳಿಗೆ ಹರವಿದೆ. ಅಂಚಿನ ಕಲೆ ಪೂರ್ತಿ ಹೋಗಲಿಲ್ಲ, ಆದರೆ ನೆರಿಗೆಯಲ್ಲಿ ಮುಚ್ಚಿಹೋಗುತ್ತದೆ ಎಂದು ಸುನಂದಾ ತಾನೇ ಹೇಳಿದಳು. ಬೂಷ್ಟು ಮತ್ತೆ ಬರಲಿಲ್ಲ.

ಕಾಕಾ ಅವರ ಕಾಲಿಗೆ ಬಿದ್ದೆ. “ಹೋಗ್ಲಿ ಬಿಡಪ್ಪ, ಫರಶಿ ಹಳೇವ ಆಗಿದ್ವು,” ಎಂದು ಎಬ್ಬಿಸಿದರು. ಹೊಸ ಫರಶಿ ಹಾಕಿಸುವುದು ನನ್ನ ಪಾಲಿಗೆ ಬಂತು. ಆದರೆ ಆ ಮಳೆಯಲ್ಲಿ ಸಿಮೆಂಟು ಒಣಗಬೇಕಲ್ಲ! ಅಲ್ಲಿಯವರೆಗೆ ಕಾಕಾ, ಕಾಕಿ ಇಬ್ಬರ ಸ್ನಾನವೂ ನಮ್ಮ ಬಚ್ಚಲಿನಲ್ಲೇ. ಕಾಕಾ ಬಹಳ ನಿಧಾನಸ್ಥರು. ನಾನು ಟವೆಲು ಸುತ್ತಿಕೊಂಡು ನನ್ನದೇ ಬಚ್ಚಲಿನ ಮುಂದೆ ಪಾಳಿಗೆ ನಿಂತೆ. ಕಾರ್ಖಾನೆಯ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದು ಹೊರಟುಹೋಯಿತು. ಅಷ್ಟರಲ್ಲಿ ಒಳಗಿನಿಂದ ಕಾಕಾ ಅವರ ದನಿ ಕೇಳಿಸಿತು.

“ಅಲ್ಲಪ್ಪಾ, ಈ ನಿಮ್ಮ ನಳ ತಟಕ್ ತಟಕ್ ಸೋರಾಕತ್ತೈತಲ್ಲೋ! ನೀ ನೋಡಿಲ್ಲೇನು?”

ದಿನವೂ ಅದರ ಕೆಳಗೇ ಬಕೀಟು ಇಟ್ಟು ಸ್ನಾನ ಮಾಡುವವನು ನಾನು.

ನೋಡಿರಲಿಲ್ಲ!