ನೆಲ ಹಿಡಿದು ಮಲಗಿದ ಕ್ಲಚ್ ಪೆಡಲ್ ಮಹಾಶಯರಿಗೆ

ಶ್ರೀಮಾನ್ ಕ್ಲಚ್ ಪೆಡಲ್ ಅವರ ಸಮಕ್ಷಮಕ್ಕೆ,
ಚಾಲಕರ ಎಡಗಾಲಿನ ಕೆಳಗೆ, ಹಳೆಯ ನೀಲಿ ಪಿಕಪ್,
ಸೋಫಾ ರಿಪೇರಿ ಅಂಗಡಿಯ ಹಿಂದಿನ ಶೆಡ್.

ಮಾನ್ಯರೇ,

ತಮ್ಮ ಪಾದಗಳಿಗೆ, ಕ್ಷಮಿಸಿ, ನಮ್ಮ ಪಾದಗಳ ಕೆಳಗಿರುವ ತಮಗೆ, ಮೇಲ್ಕಂಡ ಅಂಗಡಿಯನ್ನು ಅಣ್ಣನೊಂದಿಗೆ ನಡೆಸುತ್ತಿರುವ ತಂಗಿ ಮಾಡುವ ಸವಿನಯ ವಂದನೆಗಳು. ತಾವು ಕ್ಷೇಮವಾಗಿ ಮಲಗಿರುವುದನ್ನು ದಿನವೂ ಬಗ್ಗಿ ನೋಡುತ್ತಿದ್ದೇನೆ, ಆದ್ದರಿಂದ ಕ್ಷೇಮ ವಿಚಾರಿಸುವ ಅಗತ್ಯ ಕಾಣುತ್ತಿಲ್ಲ.

ಮೊದಲಿಗೆ ತಮ್ಮ ವಿನಯವನ್ನು ಹೊಗಳಲೇಬೇಕು. ಇಪ್ಪತ್ತಾರು ವರ್ಷ ಸೆಟೆದು ನಿಂತಿದ್ದ ತಾವು, ಹನ್ನೊಂದು ದಿನದ ಹಿಂದೆ, ಮೂರು ಜನ ಕೂರುವ ಸೋಫಾ ಹೇರಿಕೊಂಡು ಇನ್ನೇನು ಹೊರಡಬೇಕು ಎನ್ನುವಷ್ಟರಲ್ಲಿ, ನಾನು ಕಾಲಿಟ್ಟೊಡನೆ ಸದ್ದಿಲ್ಲದೆ ನೆಲಕ್ಕೆ ಹೋಗಿ ಮಲಗಿಬಿಟ್ಟಿರಿ. ಬೂಟಿನ ತುದಿಯಿಂದ ಎತ್ತಿ ಕೂರಿಸಿದೆ, ಮತ್ತೆ ಮಲಗಿದಿರಿ. ಗೇರ್ ಹಾಕಹೋದರೆ ಗರಗರ ಎಂದು ಹಲ್ಲು ಕಡಿದ ಸದ್ದು ಬೀದಿಗೆಲ್ಲ ಕೇಳಿ, ಎದುರಿನ ಕ್ಷೌರಿಕರು ಗಿರಾಕಿಯ ಅರ್ಧ ಮೀಸೆ ಬಿಟ್ಟು ಹೊರಗೆ ಬಂದು ನಿಂತರು.

ತಮ್ಮ ಅನಾರೋಗ್ಯದ ಮೂಲ ಹುಡುಕಲು ನಾನು ಪಟ್ಟ ಪಾಡು ತಮಗೆ ತಿಳಿದದ್ದೇ. ತಮ್ಮನ್ನು ಒತ್ತಿದ ಬಲ ಒಂದು ಸಣ್ಣ ಪೈಪಿನೊಳಗಿನ ಎಣ್ಣೆಯ ಮೂಲಕ ಗೇರ್‌ಬಾಕ್ಸ್ ಪಕ್ಕದ ಪುಟ್ಟ ಸಿಲಿಂಡರಿಗೆ ಹೋಗಿ ಅಲ್ಲಿ ಕೆಲಸ ಮಾಡುತ್ತದಷ್ಟೆ. ಬಾನೆಟ್ ಎತ್ತಿದರೆ ಎಣ್ಣೆಯ ಡಬ್ಬಿ ಬರಿದು. ಕೆಳಗೆ ನುಸುಳಿ ಆ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿದರೆ ಅಷ್ಟೂ ಎಣ್ಣೆ ನನ್ನ ಮುಖದ ಮೇಲೆ. ಹೊಸ ಸಿಲಿಂಡರ್ ತಂದು ಕೂರಿಸಿದೆ, ಎಣ್ಣೆ ತುಂಬಿದೆ, ಆದರೂ ತಾವು ಏಳಲಿಲ್ಲ, ಏಕೆಂದರೆ ಪೈಪಿನಲ್ಲಿ ಗಾಳಿ ಹೊಕ್ಕಿತ್ತು. ಅದನ್ನು ಹೊರಗೆ ಕಳಿಸಲು ಒಬ್ಬರು ಮೇಲೆ ಕೂತು ತಮ್ಮನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸಿಲಿಂಡರಿನ ಗಾಳಿ ಬಿಡುವ ತಿರುಪು, ಅಂದರೆ ನಿಪ್ಪಲ್ ಸಡಿಲಿಸಿ ಗುಳ್ಳೆಗಳನ್ನು ಬಿಟ್ಟು ಮತ್ತೆ ಬಿಗಿಯಬೇಕು. ಬಿಗಿಯುವ ಮೊದಲೇ ಮೇಲಿನವರು ಕಾಲೆತ್ತಿದರೆ ಹೋದ ಗಾಳಿಯೆಲ್ಲ ವಾಪಸ್. ಅಂದರೆ ಒತ್ತು, ಹಿಡಿ, ಬಿಡು ಎಂದು ಇಬ್ಬರೂ ಕೂಗಿ ಹೇಳಿಕೊಳ್ಳುತ್ತ ಮಾಡುವ ಕೆಲಸವಿದು.

ಇಲ್ಲಿಯೇ ತಾವು ನಮ್ಮ ಮನೆತನದ ಮರ್ಮಕ್ಕೆ ಕೈ ಹಾಕಿದ್ದು. ತಾವು ಮಲಗಿದ ದಿನವೇ ಅಣ್ಣ, ಈ ಡಬ್ಬವನ್ನು ಗುಜರಿಗೆ ಹಾಕೋಣ ಎಂದ. ಅಪ್ಪ ಕೊಂಡ ಗಾಡಿ, ನಾನು ಡ್ರೈವಿಂಗ್ ಕಲಿತ ಗಾಡಿ, ಉದ್ದದ ಸೋಫಾ ಅಲುಗದೆ ಹಿಡಿಸುವ ಗಾಡಿ. ನನಗೆ ಮೈಯೆಲ್ಲ ಉರಿದು, ಹಾಗಾದರೆ ಜೊತೆಗೆ ನೀನೂ ಹೋಗು ಗುಜರಿಗೆ ಎಂದುಬಿಟ್ಟೆ. ಅವನು ಮಾತು ಬಿಟ್ಟ, ನಾನೇನು ಕಡಿಮೆಯೇ, ನಾನೂ ಬಿಟ್ಟೆ. ಶನಿವಾರ ಬೆಳಿಗ್ಗೆ ಗುಜರಿಯವರು ಬಂದು ಎಳೆದೊಯ್ಯುವ ಮೊದಲು ಗಾಡಿ ತಾನಾಗಿ ಗೇಟು ದಾಟಿದರೆ ಉಳಿಯಲಿ, ಇಲ್ಲದಿದ್ದರೆ ಹೋಗಲಿ ಎಂಬ ಕರಾರೂ ಅತ್ತಿಗೆಯ ಬಾಯಲ್ಲೇ ಆಯಿತು. ಪೆಡಲ್ ಒತ್ತಲು ಅತ್ತಿಗೆಯನ್ನು ಕರೆದರೆ ಮಂಡಿ ನೋವು ಎಂದರು. ಅದೇ ಮಂಡಿಯಲ್ಲಿ ದಿನವಿಡೀ ಹೊಲಿಗೆ ಯಂತ್ರ ತುಳಿಯುತ್ತಾರೆ, ಇರಲಿ.

ಅಣ್ಣ ನ್ಯಾಯಸ್ಥ, ಒತ್ತಲು ಬಂದ, ಬಾಯಿ ಮಾತ್ರ ತೆರೆಯಲಿಲ್ಲ. ಸ್ಪ್ಯಾನರಿನಿಂದ ಗಾಡಿಯಡಿಯ ಕಬ್ಬಿಣದ ಚಾಸಿಗೆ ಒಮ್ಮೆ ಬಡಿದರೆ ಒತ್ತುವುದು, ಎರಡು ಸಲ ಬಡಿದರೆ ಬಿಡುವುದು ಎಂದು ರೆಕ್ಸಿನ್ ತುಂಡಿನ ಮೇಲೆ ಬರೆದು ಕಳಿಸಿದೆ. ನಿಪ್ಪಲ್ ಬಿಗಿಯಹೋದಾಗಲೆಲ್ಲ ಸ್ಪ್ಯಾನರ್ ಜಾರಿ ಟಣ್ ಟಣ್ ಎನ್ನುತ್ತಿತ್ತು, ಅವನು ವಿಧೇಯನಾಗಿ ಕಾಲೆತ್ತುತ್ತಿದ್ದ. ಅದು ಸನ್ನೆಯೋ ಸದ್ದೋ ಎಂದು ಕೇಳಿದರೆ ಮಾತಾಡಿದಂತಾಗುತ್ತದಲ್ಲ! ಹೀಗೆ ಮೂರು ದಿನ, ಎರಡು ಬಾಟಲಿ ಎಣ್ಣೆ, ತಮ್ಮ ಉದ್ಧಾರಕ್ಕೆ.

ಆದ್ದರಿಂದ ತಮ್ಮಲ್ಲಿ ಬೇಡಿಕೆ: ತಾವು ದಯವಿಟ್ಟು ಇಂದು ರಾತ್ರಿಯೊಳಗೆ ಸ್ವಇಚ್ಛೆಯಿಂದ ಎದ್ದು ನಿಲ್ಲತಕ್ಕದ್ದು. ಅದು ಸಾಧ್ಯವಾಗದಿದ್ದಲ್ಲಿ, ಗಾಳಿಯನ್ನು ಕರೆದು ಬುದ್ಧಿ ಹೇಳತಕ್ಕದ್ದು. ಅದೂ ಆಗದಿದ್ದಲ್ಲಿ, ಅಣ್ಣನ ಕಾಲು ತಮ್ಮ ಮೇಲಿರುವಾಗ ಅವನ ಕಿವಿಗೆ ಮುಟ್ಟುವಂತೆ, ನಿನ್ನ ತಂಗಿಗೆ ಗಾಡಿಗಿಂತ ನಿನ್ನ ಮೌನವೇ ಹೆಚ್ಚು ಬೇಜಾರು ತಂದಿದೆಯಂತೆ ಎಂದು ತಿಳಿಸತಕ್ಕದ್ದು. ನಾನು ಹೇಳಿದೆನೆಂದು ಮಾತ್ರ ಹೇಳಬಾರದು.

ಇಲ್ಲಿಯವರೆಗೆ ಶುಕ್ರವಾರ ಸಂಜೆ ಬರೆದದ್ದು. ಈಗ ಶನಿವಾರ ಮಧ್ಯಾಹ್ನ, ಕೈ ತೊಳೆದು ಮುಂದುವರಿಸುತ್ತಿದ್ದೇನೆ.

ಬೆಳಿಗ್ಗೆ ಗುಜರಿಯವರು ಕ್ರೇನ್ ತಂದು ಗೇಟಿನಲ್ಲೇ ನಿಲ್ಲಿಸಿ, ಸರಪಳಿ ಬಿಚ್ಚುತ್ತಿದ್ದರು. ಕೊನೆಯ ಸಲ ಎಂದು ನಾನು ಕೆಳಗೆ ನುಸುಳಿದೆ, ಅಣ್ಣ ಮೇಲೆ ಕೂತ. ನಿಪ್ಪಲ್ ಸಡಿಲಿಸಿದ್ದೇ ತಡ, ಅದರ ಬಾಯಿಗೆ ಸಿಕ್ಕಿಸಿದ್ದ ರಬ್ಬರ್ ನಳಿಗೆ ಕಳಚಿ ಎಣ್ಣೆ ನೇರ ನನ್ನ ಕಣ್ಣಿಗೇ ಹಾರಿತು, ಸ್ಪ್ಯಾನರ್ ಕೈಜಾರಿ ಟಣ್ ಟಣ್ ಎಂದಿತು. ಮಾನ ಮರ್ಯಾದೆ ಎಲ್ಲ ಮರೆತು, ಅಯ್ಯೋ ಅಣ್ಣಾ, ಕಾಲೆತ್ತಬೇಡ ಕಣೋ ಎಂದು ಕಿರುಚಿದೆ. ಮೇಲಿನಿಂದ, ಎತ್ತಿಲ್ಲ ಕಣೇ, ಕಿರುಚಬೇಡ, ಕಣ್ಣಿಗೇನಾಯ್ತು ಮೊದಲು ಹೇಳು ಎಂದು ಕೇಳಿಸಿತು. ಹನ್ನೆರಡು ದಿನದ ಮೇಲೆ ಆ ಒರಟು ದನಿ ಕೇಳಿ ನನಗೆ ಅಳುವೇ ಬಂತು. ಹೇಗೂ ಕಣ್ಣಲ್ಲಿ ಎಣ್ಣೆ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಕಣ್ಣು ತೊಳೆದು ಬಂದ ಮೇಲೆ ಒತ್ತು ಎಂದೆ, ಒತ್ತಿದೆ ಎಂದ, ಬಿಡು ಎಂದೆ, ಬಿಟ್ಟೆ ಎಂದ. ಎಂಟನೆಯ ಸಲಕ್ಕೆ ಗುಳ್ಳೆ ನಿಂತು, ತಾವು ಅವನ ಬೂಟನ್ನೇ ಎತ್ತಿಕೊಂಡು ಮೇಲೆದ್ದಿರಿ. ಮೊದಲ ಗೇರ್ ಬೆಣ್ಣೆಯ ಹಾಗೆ ಬಿತ್ತು. ನಮಗೆ ದಾರಿ ಬಿಡಲು ಗುಜರಿಯವರೇ ಕ್ರೇನನ್ನು ಹಿಂದಕ್ಕೆ ತೆಗೆಯಬೇಕಾಯಿತು.

ಆದರೂ ತಮ್ಮ ಮೇಲಿನ ದೂರನ್ನು ಹಿಂಪಡೆಯುತ್ತಿಲ್ಲ. ಇದನ್ನು ಅಂಗಡಿಯ ಬಾಗಿಲಿಗೇ ಅಂಟಿಸುತ್ತಿದ್ದೇನೆ, ಬೀದಿಯವರೆಲ್ಲ ಓದಲಿ.

ಎಡಗಾಲು ತಮ್ಮ ಮೇಲಿಟ್ಟೇ ಬದುಕುತ್ತಿರುವ,
ತಮ್ಮ ವಿಶ್ವಾಸಿ,
ಸೋಫಾ ಅಂಗಡಿಯ ತಂಗಿ

ಮರೆತ ಮಾತು: ಅಣ್ಣ ಬೆಳಿಗ್ಗೆಯಿಂದ ಬಾಯಿ ಮುಚ್ಚಿಲ್ಲ, ಸ್ಪ್ಯಾನರ್ ಹಿಡಿಯುವುದು ಹೇಗೆಂದು ನನಗೇ ಪಾಠ ಹೇಳುತ್ತಿದ್ದಾನೆ. ಸೀಟಿನ ಹಿಂದೆ ಒಂದು ಬಾಟಲಿ ಎಣ್ಣೆ ಎತ್ತಿಟ್ಟಿದ್ದೇನೆ. ತಮಗಾಗಿ ಎಂದು ಉಬ್ಬಬೇಡಿ. ಅವನು ಇನ್ನೊಮ್ಮೆ ಮಾತು ಬಿಟ್ಟ ದಿನ, ಆ ನಿಪ್ಪಲನ್ನು ಅರ್ಧ ಸುತ್ತು ನಾನೇ ಸಡಿಲಿಸುವವಳಿದ್ದೇನೆ.